ಸೋಫಾ ಹಿಂದಿನ ಗೋಡೆಗೆ ಒಬ್ಬ ರಾಥ್ಕೊ

ಹೋದ ವರ್ಷ ಮನೆಗೆ ಪೇಂಟ್ ಮಾಡಿಸಿದ್ಮೇಲೆ ಹಾಲ್‌ನ ದೊಡ್ಡ ಗೋಡೆ ಬೋಳು ಬೋಳಾಗಿ ಕಾಣ್ತಿತ್ತು. ಆನ್‌ಲೈನಲ್ಲಿ ಹುಡುಕಿದ್ರೆ ಬರೀ ಬುದ್ಧನ ಮುಖ, ಇಲ್ಲಾಂದ್ರೆ ವಾಸ್ತುಗೆ ಒಳ್ಳೇದು ಅಂತ ಓಡ್ತಿರೋ ಏಳು ಕುದುರೆ. ಅವುಗಳ ಮಧ್ಯೆ ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊನ ಒಂದು ಪ್ರಿಂಟ್ ಕಣ್ಣಿಗೆ ಬಿತ್ತು, 'ರಸ್ಟ್ ಅಂಡ್ ಬ್ಲೂ', 1953ರದ್ದು. ಮೇಲೆ ತುಕ್ಕಿನ ಕಂದು, ಕೆಳಗೆ ನೀಲಿ ಮೇಲೆ ನೀಲಿ, ಅಂಚೆಲ್ಲ ಹೊಗೆ ಥರ. ಗಿಡ ಇಲ್ಲ, ಮನುಷ್ಯ ಇಲ್ಲ. ಯಾಕೋ ಬಿಡಕ್ಕಾಗ್ಲಿಲ್ಲ, ಆರ್ಡರ್ ಮಾಡ್ಬಿಟ್ಟೆ, ಆದ್ರೆ ನನ್ನ ಜಿಪುಣತನ ನೋಡಿ, 12 ಇಂಚು ಅಗಲ 15 ಇಂಚು ಎತ್ತರದ್ದು.

ಬಂತು. ಗೋಡೆಗಿಟ್ಟು ನೋಡಿದ್ರೆ ಪೇಂಟ್ ಅಂಗಡೀಲಿ ಕೊಡ್ತಾರಲ್ಲ ಶೇಡ್ ಕಾರ್ಡ್, ಥೇಟ್ ಅದೇ.

ಆಮೇಲೆ ಓದಿದಾಗ ಗೊತ್ತಾಯ್ತು ತಪ್ಪು ಎಲ್ಲಾಯ್ತು ಅಂತ. ಮೂಲ ಚಿತ್ರ ಲಾಸ್ ಏಂಜಲೀಸ್‌ನ ಮ್ಯೂಸಿಯಂನಲ್ಲಿದೆ, ಎತ್ತರ ಒಂಬತ್ತೂವರೆ ಅಡಿ, ಅಗಲ ಏಳೂವರೆಗಿಂತ ಜಾಸ್ತಿ. ನೋಡೋರು 18 ಇಂಚು ದೂರದಲ್ಲಿ ನಿಲ್ಲಬೇಕು ಅಂತಿದ್ನಂತೆ ರಾಥ್ಕೊ, ಅಂದ್ರೆ ಬಣ್ಣ ನಮ್ಮನ್ನ ಸುತ್ತಿಕೊಳ್ಳಬೇಕು, ನಾವು ಅದನ್ನ ದೂರದಿಂದ ನೋಡೋದಲ್ಲ. ರವಿವರ್ಮನ ಲಕ್ಷ್ಮೀನ ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿದ್ರೂ ಲಕ್ಷ್ಮೀನೇ. ಇಲ್ಲಿ ಹಾಗಲ್ಲ, ಸೈಜ್ ಹೋದ್ರೆ ಚಿತ್ರಾನೇ ಹೋಯ್ತು.

ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಪೊಲಾಕ್‌ದು ತಗೋಬಹುದಿತ್ತಲ್ಲ ಅಂದ್ಲು ಫ್ರೆಂಡ್. ಕ್ಯಾನ್ವಾಸ್ ನೆಲಕ್ಕೆ ಹಾಸಿ ಮನೆಗೆ ಹೊಡೆಯೋ ಎನಾಮಲ್ ಪೇಂಟ್ ಸುರೀತಿದ್ದ ಮನುಷ್ಯ, 1947ರ ಒಂದು ಚಿತ್ರದಲ್ಲಂತೂ ಮೊಳೆ, ಕೀಲಿ, ಸಿಗರೇಟು ಎಲ್ಲ ಬಣ್ಣದೊಳಗೇ ಹೂತು ಕೂತಿವೆ. ಅದನ್ನೆಲ್ಲ ನುಣ್ಣನೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿದ್ರೆ ಏನುಳಿಯುತ್ತೆ? ನಮ್ಮನೆಯವರು ಪೊಲಾಕ್ ಚಿತ್ರದ ಫೋಟೋ ನೋಡಿ "ಪೇಂಟರ್‌ಗಳು ಬಿಟ್ಟೋದ ಟಾರ್ಪಾಲ್ ಇನ್ನೂ ಅಟ್ಟದ ಮೇಲಿದೆ, ಅದನ್ನೇ ಹಾಕು" ಅಂದ್ರು.

ಸರಿ, ರಾಥ್ಕೊನದ್ದೇ ಮೂರಡಿ ಅಗಲ, ಹೆಚ್ಚುಕಮ್ಮಿ ನಾಲ್ಕಡಿ ಎತ್ತರ ಅಂತ ದೊಡ್ಡದು ತರಿಸಿದೆ, ಮ್ಯಾಟ್ ಕ್ಯಾನ್ವಾಸ್ ಮೇಲೆ. ಒಂದು ವಿಷಯ ಮಾತ್ರ ಚುಚ್ತಾ ಇತ್ತು. ಇದೇ ರಾಥ್ಕೊಗೆ 1958ರಲ್ಲಿ ನ್ಯೂಯಾರ್ಕಿನ ಸೀಗ್ರಾಮ್ ಬಿಲ್ಡಿಂಗ್‌ನ ಒಂದು ದುಬಾರಿ ರೆಸ್ಟೋರೆಂಟ್‌ಗೆ ಚಿತ್ರ ಮಾಡಿಕೊಡೋ ಕೆಲಸ ಸಿಕ್ಕಿತ್ತು, ದೊಡ್ಡ ದುಡ್ಡು, ಆಮೇಲೆ ಹೆಂಡತಿ ಜೊತೆ ಅಲ್ಲಿಗೆ ಊಟಕ್ಕೆ ಹೋಗಿ ಆ ಜನಾನ ನೋಡಿದ್ನಂತೆ, ಇವ್ರ ಊಟಕ್ಕೆ ನನ್ನ ಚಿತ್ರ ಅಲಂಕಾರ ಅಲ್ಲ ಅಂತ ದುಡ್ಡು ವಾಪಸ್ ಕೊಟ್ಟ. ಅದಕ್ಕಂತ ಮಾಡಿದ್ದರಲ್ಲಿ ಒಂಬತ್ತು ಚಿತ್ರ ಈಗ ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿವೆ, ಅವು ಅಲ್ಲಿಗೆ ತಲುಪಿದ ದಿನಾನೇ, 1970ರ ಫೆಬ್ರವರಿ 25, ಅವನು ತೀರಿಕೊಂಡಿದ್ದು. ಅಂಥವನನ್ನ ತಂದು ನಾನು ಕುಶನ್ ಕವರ್‌ಗೆ ಮ್ಯಾಚ್ ಆಗುತ್ತಾ ಅಂತ ನೋಡ್ತಾ ಇದ್ದೀನಿ!

ಕಡೇಪಕ್ಷ ಅವನು ಹೇಳಿದ ಹಾಗೆ ಹಾಕೋಣ ಅನ್ನಿಸ್ತು. 1961ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಗೆ ಅವನು ಸೂಚನೆ ಬರೆದು ಕಳಿಸಿದ್ದ. ಗೋಡೆ ಪೂರ್ತಿ ಬಿಳಿ ಇರಬಾರದು, ಸ್ವಲ್ಪ ಕಂದು ಸ್ವಲ್ಪ ಕೆಂಪು ಬೆರೆತಿರಲಿ, ಲೈಟ್ ಜಾಸ್ತಿ ಬೇಡ, ದೊಡ್ಡ ಚಿತ್ರಗಳನ್ನ ನೆಲದಿಂದ ಆರಿಂಚಿಗಿಂತ ಮೇಲೆ ಹಾಕಬೇಡಿ. ನಮ್ಮ ಗೋಡೆ ಹೊಸ ಬಿಳಿ, ಅದು ಆಗಲ್ಲ. ಟ್ಯೂಬ್‌ಲೈಟ್ ತೆಗೆಸಿ ಹಳದಿ ಬಲ್ಬ್ ಹಾಕಿಸಿದೆ. ಬಾಲ್ಕನಿ ಬಿಸಿಲು ಬೀಳೋ ಗೋಡೆ ಮಾತ್ರ ಬೇಡ್ವೇ ಬೇಡ ಅಂದೆ, ಯಾಕಂದ್ರೆ ಹಾರ್ವರ್ಡ್‌ನ ಊಟದ ಹಾಲ್‌ನಲ್ಲಿದ್ದ ಅವನ ಮೂಲ ಚಿತ್ರಗಳೇ ಕಿಟಕಿ ಬೆಳಕಿಗೆ ಬಣ್ಣ ಕಳ್ಕೊಂಡು, ಕೊನೆಗೆ 2014ರಲ್ಲಿ ಪ್ರೊಜೆಕ್ಟರ್ ಬೆಳಕು ಬಿಟ್ಟು ಹಳೇ ಬಣ್ಣ ತೋರಿಸಬೇಕಾಯ್ತು.

ಫ್ರೇಮ್ ಅಂಗಡಿಯವರು ಗ್ಲಾಸ್ ಬೇಡ ಮೇಡಂ, ಇದಕ್ಕೆ ಹಾಕಿದ್ರೆ ನಿಮ್ಮ ಮುಖಾನೇ ಕಾಣ್ತದೆ ಅಂದ್ರು. ಮಳೆಗಾಲದ ತೇವ ಹತ್ತಬಾರದು ಅಂತ ಹಿಂದೆ ಮರದ ಚೂರು ಹೊಡೆದು ಗೋಡೆಗೂ ಚಿತ್ರಕ್ಕೂ ಸಂದು ಬಿಟ್ರು. ಫ್ರೇಮಿಗೆ ಪ್ರಿಂಟಿಗಿಂತ ಜಾಸ್ತಿ ಖರ್ಚಾಯ್ತು, ಅದಿರಲಿ.

ಅಮ್ಮ ತೀರ್ಥಹಳ್ಳಿಯಿಂದ ಬಂದಾಗ ಏನಂತಾರೋ ಅಂತ ಭಯ ಇತ್ತು. ಕಾಫಿ ಲೋಟ ಹಿಡ್ಕೊಂಡು ಸುಮಾರು ಹೊತ್ತು ನೋಡಿದ್ರು. "ಇದು ನಮ್ಮಜ್ಜಿ ಮನೆ ಗೋಡೆ ಅಲ್ವೇನೆ? ಮೇಲೆ ನೀಲಿ ಹಾಕಿದ ಸುಣ್ಣ, ಕೆಳಗೆ ಕೆಮ್ಮಣ್ಣು. ನೀನು ತಲೆಕೆಳಗು ಮಾಡಿ ನೇತ್ಹಾಕಿದೀಯ ಅಷ್ಟೆ." ಆಮೇಲೆ ಹತ್ರ ಹೋಗಿ ಅಂಚು ತೋರಿಸಿ, ಹಳೇ ಬಟ್ಟೆ ಅದ್ದಿ ಬಳೀತಿದ್ವಿ, ಹೀಗೇ ಎಲ್ಲೂ ಗೆರೆ ನೆಟ್ಟಗೆ ಬರ್ತಿರ್ಲಿಲ್ಲ ಅಂದ್ರು. ಅವರು ನಿಂತಿದ್ದು ಸರಿಯಾಗಿ ಒಂದೂವರೆ ಅಡಿ ದೂರದಲ್ಲಿ.

ಸೋಫಾ ಅಡ್ಡ ಬರ್ತಿದೆ ಅಂತ ಆವತ್ತೇ ಪಕ್ಕದ ಗೋಡೆಗೆ ಎಳೆಸಿದ್ರು. ಈಗ ಟಿವಿ ನೋಡೋಕೆ ಕತ್ತು ತಿರುಗಿಸ್ಬೇಕು, ನಮ್ಮನೆಯವರು ದಿನಾ ಗೊಣಗ್ತಾರೆ.