ಮೀಟರ್ 11.2 ಎಂದಿತು, ನಾನು 12.2 ಎಂದೆ

ಚಿಕ್ಕಮಗಳೂರು ಜಿಲ್ಲೆಯ ಒಂದು ಊರಿನ ಕಾಫಿ ಗೋದಾಮಿನಲ್ಲಿ ನನ್ನ ಕೆಲಸ. ಬೆಳೆಗಾರರು ತಂದ ಚೀಲಗಳಿಂದ ಸ್ಯಾಂಪಲ್ ತೆಗೆಯಬೇಕು, ಸಿಪ್ಪೆ ಬಿಡಿಸಿ ಮೀಟರಿನಲ್ಲಿ ಬೀಜದ ತೇವಾಂಶ ನೋಡಬೇಕು, 50 ಕಿಲೋ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಎಷ್ಟು ಕಿಲೋ ಬೀಜ ಬೀಳುತ್ತದೆ ಎಂದು ಔಟ್‌ಟರ್ನ್ ಲೆಕ್ಕ ಹಾಕಿ ಚೀಟಿ ಬರೆಯಬೇಕು. ನಮ್ಮಲ್ಲಿ ರೊಬಸ್ಟಾ ಎಂಬ ಬಗೆಯ ಕಾಫಿಯ ಚೆರಿಗೆ ಶೇಕಡ 11ರವರೆಗೆ ತೇವಾಂಶಕ್ಕೆ ಕಡಿತವಿಲ್ಲ. ಅದನ್ನು ದಾಟಿದರೆ ಶೇಕಡ ಒಂದಕ್ಕೆ ಚೀಲವೊಂದರಲ್ಲಿ ಅರ್ಧ ಕಿಲೋ ಮುರಿದುಕೊಳ್ಳುತ್ತೇವೆ.

ಆ ವರ್ಷ ಫೆಬ್ರುವರಿಯಲ್ಲಿ ಗೋದಾಮಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೀಟರ್ ತೋರಿಸಿದ್ದಕ್ಕೆ ಒಂದು ಸೇರಿಸಿ ಹೇಳು. ಗೋದಾಮಿನಲ್ಲಿಟ್ಟ ಮೇಲೆ ಒಣಗಿ ತೂಕ ಇಳಿಯುತ್ತದಲ್ಲ, ಆ ನಷ್ಟವನ್ನು ಯಾರು ಕೊಡುತ್ತಾರೆ? ಇದು ಮೋಸವಲ್ಲ, ಮುಂಜಾಗ್ರತೆ" ಎಂದರು. ಕದಿಯಲು ಹೇಳಿದ್ದರೆ ನಾನು ಅಲ್ಲೇ ಆಗುವುದಿಲ್ಲ ಎನ್ನುತ್ತಿದ್ದೆನೇನೋ. ಮುಂಜಾಗ್ರತೆಗೆ ಬೇಡ ಎನ್ನುವುದು ಹೇಗೆ? ಮಲೆನಾಡಿನ ಮಳೆಗಾಲದಲ್ಲಿ ಗೋದಾಮಿನ ಕಾಫಿ ತೇವ ಹೀರಿ ತೂಕ ಏರುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವರ ಮಾತು ನನಗೆ ಅನುಕೂಲವಾಗಿತ್ತು. ಸೀಸನ್ ಮುಗಿದ ಮೇಲೆ ಕೈಗೆ ಸ್ವಲ್ಪ ಹೆಚ್ಚು ಬರುತ್ತದೆ ಎಂಬ ಮಾತೂ ಅದರ ಹಿಂದೆಯೇ ಬಂದಿತ್ತು.

ಎರಡು ವಾರ ಹಾಗೆಯೇ ಹೇಳಿದೆ. ಒಬ್ಬೊಬ್ಬರ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ದಿನಕ್ಕೆ 200 ಚೀಲ ಬಂದರೆ 100 ಕಿಲೋ, ಅಂದರೆ ಎರಡು ತುಂಬಿದ ಚೀಲ, ಯಾರ ತೋಟದಲ್ಲೂ ಬೆಳೆಯದೆ ನಮ್ಮ ಗೋದಾಮಿನಲ್ಲಿ ಹುಟ್ಟುತ್ತಿದ್ದವು.

ಬೂದಿ ಬುಧವಾರದ ಹಿಂದಿನ ದಿನ ಒಬ್ಬ ಅಜ್ಜಿ ಗೂಡ್ಸ್ ಆಟೋದಲ್ಲಿ ಎಂಟು ಚೀಲ ತಂದರು. ಮೀಟರ್ 11.2 ತೋರಿಸಿತು. "12.2 ಇದೆ ಅಮ್ಮ" ಎಂದೆ. ಅವರು ಜಗಳಕ್ಕೆ ಬರಲಿಲ್ಲ. ಚೀಲದಿಂದ ಒಂದು ಹಿಡಿ ಚೆರಿ ತೆಗೆದು, ಮುಷ್ಟಿ ಕಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ ಚೆರಿಯೊಳಗೆ ಬೀಜ ಸಡಿಲವಾಗಿ ಗಲಗಲ ಎನ್ನುತ್ತದೆ, ಹಸಿ ಉಳಿದಿದ್ದರೆ ಸದ್ದಿಲ್ಲ. ನನಗೂ ಆ ಗಲಗಲ ಕೇಳಿಸಿತು. "ಹದಿನೈದು ದಿನ ಕಣದಲ್ಲಿ ಹರವಿದ್ದೆನಪ್ಪ. ಸದ್ದೂ ಬರುತ್ತಿದೆ" ಎಂದು ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ, "ವಯಸ್ಸಾಯಿತು, ಕಿವಿ ಮೊದಲಿನ ಹಾಗಿಲ್ಲ. ನೀನು ಹೇಳಿದ ಮೇಲೆ ಸರಿಯಾಗಿಯೇ ಇರುತ್ತದೆ" ಎಂದು ಚೆರಿಯನ್ನು ಚೀಲಕ್ಕೆ ಹಾಕಿ, ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬೈದಿದ್ದರೆ ಮರೆತುಬಿಡುತ್ತಿದ್ದೆ. ನನ್ನನ್ನು ನಂಬುವುದಕ್ಕಾಗಿ ಅವರು ತಮ್ಮ ಕಿವಿಯನ್ನೇ ಅನುಮಾನಿಸಿದ್ದರು.

ಬೂದಿ ಬುಧವಾರದಿಂದ ಶುರುವಾಗುವ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ಭಾನುವಾರ ನಮ್ಮ ಚರ್ಚಿನ ಬಲಿಪೂಜೆಯಲ್ಲಿ ಪ್ರತಿ ವರ್ಷವೂ ಓದುವುದು ಅರಣ್ಯದಲ್ಲಿ ಯೇಸುವಿಗೆ ಬಂದ ಶೋಧನೆಯ ಭಾಗವನ್ನೇ. ರೊಬಸ್ಟಾ ಬರುವ ಕಾಲವೂ ಅದೇ ಆದ್ದರಿಂದ ಅಲ್ಲಿಯವರೆಗೆ ನಾನು ಅದನ್ನು ತೂಕಡಿಸುತ್ತಲೇ ಕೇಳಿದ್ದೆ. ಚರ್ಚಿನ ಕನ್ನಡದಲ್ಲಿ ಪ್ರಲೋಭನೆಗೆ ಶೋಧನೆ ಎನ್ನುತ್ತೇವೆ. ಮನೆಯಲ್ಲಿ ಡಿಕಾಕ್ಷನ್ ಶೋಧಿಸುತ್ತೇವೆ. ಗೋದಾಮಿನಲ್ಲಿ ನನ್ನ ಕೆಲಸವೂ ಒಂದು ಬಗೆಯ ಶೋಧನೆಯೇ. ಶೋಧಿಸುವವನು ನಾನು, ಚೀಲದಲ್ಲಿರುವುದು ಕಾಫಿ ಎಂದು ಇಷ್ಟು ವರ್ಷ ತಿಳಿದಿದ್ದೆ.

ಆ ದಿನ ಎರಡು ವಿಷಯಗಳು ಕಿವಿಗೆ ಬಿದ್ದವು. 40 ದಿನ ಹಸಿದವನಿಗೆ ಸೈತಾನ ಮೊದಲು ಹೇಳಿದ್ದು ಕಲ್ಲನ್ನು ರೊಟ್ಟಿ ಮಾಡಿಕೋ ಎಂದು. ಹಸಿದವನು ತಿನ್ನುವುದರಲ್ಲಿ ತಪ್ಪೇನಿದೆ? ಅದೂ ಮುಂಜಾಗ್ರತೆಯ ಧಾಟಿಯ ಮಾತೇ. ಅದಕ್ಕಿಂತ ಹೆದರಿಸಿದ್ದು ದೇವಾಲಯದ ಶಿಖರದ ಮೇಲೆ ಸೈತಾನ ಆಡಿದ ಮಾತು. ಅಲ್ಲಿ ಅವನು 91ನೆಯ ಕೀರ್ತನೆಯನ್ನೇ ಉದ್ಧರಿಸುತ್ತಾನೆ. ಮೋಸ ಮಾಡುವವನಿಗೂ ಬೈಬಲ್ ಬಾಯಿಪಾಠ! ಯೇಸು ಮಾತಿಗೆ ಮಾತು ಬೆಳೆಸಲಿಲ್ಲ. ಮೂರು ಸಲವೂ ಬೈಬಲಿನದೇ ಧರ್ಮೋಪದೇಶಕಾಂಡದ ಒಂದೊಂದು ವಾಕ್ಯ ಹೇಳಿದರು, ಮೂರು ಸಲವೂ ಆಸರೆ ಒಂದೇ: ಹೀಗೆಂದು ಬರೆದಿದೆ.

ಬರೆದಿದೆ ಎಂಬ ಆ ಮಾತು ನನಗೆ ಗೋದಾಮಿನ ಭಾಷೆಯಲ್ಲೇ ಕೇಳಿಸಿತು. ನಾನು ಮೀಟರ್ ನೋಡಿ, ಬಾಯಲ್ಲಿ ಹೇಳಿ, ಆಮೇಲೆ ಬರೆಯುತ್ತಿದ್ದೆ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗವಿತ್ತು. ಆ ಒಂದು ಶೇಕಡ ಅಲ್ಲಿಂದಲೇ ನುಸುಳುತ್ತಿತ್ತು. ಸೋಮವಾರದಿಂದ ಮೀಟರನ್ನು ಬೆಳೆಗಾರರ ಕಡೆಗೆ ತಿರುಗಿಸಿಟ್ಟೆ. ಅಂಕಿ ಕಂಡ ತಕ್ಷಣ ಅವರ ಕಣ್ಣೆದುರೇ ಚೀಟಿಗೆ ಇಳಿಸಿ, ಅನಂತರವೇ ಬಾಯಿ ತೆರೆಯತೊಡಗಿದೆ. ಪ್ರತಿ ಚೀಲದ ಮುಂದೆಯೂ ಗಟ್ಟಿ ಮನಸ್ಸು ಮಾಡುವ ಶಕ್ತಿ ನನಗಿಲ್ಲ ಎಂಬುದು ಎರಡೇ ವಾರದಲ್ಲಿ ಗೊತ್ತಾಗಿತ್ತು. ಶೋಧನೆಗೆ ಒಳಪಡಿಸಬೇಡ ಎಂದು ದಿನವೂ ಪ್ರಾರ್ಥಿಸಿ ಮೀಟರನ್ನು ಮಾತ್ರ ನನ್ನ ಕಡೆಗೇ ತಿರುಗಿಸಿಟ್ಟುಕೊಂಡಿದ್ದೆನಲ್ಲ!

ಹಿರಿಯರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನನ್ನನ್ನು ಲಾರಿ ಲೋಡಿಂಗ್ ಎಣಿಸಲು ಹಾಕಿದರು. ಸೀಸನ್ ಮುಗಿದಾಗ ಕೈಗೆ ಹೆಚ್ಚೇನೂ ಬರಲಿಲ್ಲ. ಮುಂದಿನ ವರ್ಷ ಸ್ಯಾಂಪಲ್ ನೋಡುವವರು ಸಿಗದೆ ಮತ್ತೆ ನನ್ನನ್ನೇ ಕೂರಿಸಿದರು. ಮೀಟರ್ ಈಗಲೂ ಆ ಕಡೆಗೇ ಮುಖ ಮಾಡಿದೆ.

ಪಾಪನಿವೇದನೆಯಲ್ಲಿ ಫಾದರ್ ಒಂದೇ ಪ್ರಶ್ನೆ ಕೇಳಿದ್ದರು: "ವಾಪಸ್ ಕೊಟ್ಟೆಯಾ?" ಆ ಎರಡು ವಾರಗಳ ಚೀಟಿಗಳನ್ನು ತೆಗೆದು ನೋಡಿದೆ. ನಿಜವಾದ ಅಂಕಿ ಎಲ್ಲಿಯೂ ಬರೆದಿರಲಿಲ್ಲ. ಯಾರ್ಯಾರಿಗೆ ಎಷ್ಟೆಷ್ಟು ಎಂದು ಲೆಕ್ಕ ಹಾಕುವ ದಾರಿಯನ್ನೂ ನಾನೇ ಮುಚ್ಚಿದ್ದೆ. ನೆನಪಿದ್ದದ್ದು ಅಜ್ಜಿಯದು ಮಾತ್ರ. ಎಂಟು ಚೀಲ, ನಾಲ್ಕು ಕಿಲೋ. ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಿದ್ದ. ನನ್ನ ಸಂಬಳದಲ್ಲಿ ನಾಲ್ಕು ಕಿಲೋದ ಹಣವಷ್ಟೇ ಹೊಂದಿತು.

ಅವರ ಮನೆಯ ಜಗಲಿಯಲ್ಲಿ ನಿಂತು ನಡೆದದ್ದನ್ನು ಹೇಳಿದೆ. ಅಜ್ಜಿ ಹಣ ಎಣಿಸಲಿಲ್ಲ, ಕುಳಿತುಕೋ ಎಂದೂ ಹೇಳಲಿಲ್ಲ. ಒಳಗೆ ತಿರುಗಿ ಸೊಸೆಗೆ ಕೂಗಿ ಹೇಳಿದರು: "ಕೇಳಿದೆಯೇನೇ? ನನ್ನ ಕಿವಿ ಸರಿಯಾಗಿಯೇ ಇತ್ತಂತೆ!"