ಪೆಟ್ಟಿಗೆ ಮುಂದೆ ಕೂತು ನೋಡಿದರೆ ಸಾಲದಾ?

ಜೇನುಹುಳದ ಮಿದುಳಿನ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಸಾಕು, ಕೊಡಗಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಅಷ್ಟು ಸಣ್ಣ ತಲೆಯೊಳಗೆ ತಂತಿ ಹಾಕೋದು ಯಾಕೆ? ಸುಮ್ನೆ ಜೇನುಪೆಟ್ಟಿಗೆ ಮುಂದೆ ಕೂತು ನೋಡಿದರೆ ಸಾಲದಾ?"

ಸಾಲದು. ಇನ್ನು ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ನೋಡುವುದು ಸಣ್ಣ ಕೆಲಸವಲ್ಲ. ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಹುಳಗಳಿಗೆ ಬಣ್ಣದ ಚುಕ್ಕೆ ಇಟ್ಟು, ಗಾಜಿನ ಗೂಡಿನ ಮುಂದೆ ಕೂತೇ, ಹೂವಿರುವ ಜಾಗ ತಿಳಿಸುವ ಅವುಗಳ ಕುಣಿತದ ಅರ್ಥ ಬಿಡಿಸಿದರು. 1973ರಲ್ಲಿ ನೊಬೆಲ್ ಬಂತು. ಆದರೆ ಹೂವಿನ ನೆನಪು ಹುಳದ ತಲೆಯಲ್ಲಿ ಎಲ್ಲಿ ಉಳಿಯುತ್ತದೆ ಅನ್ನುವುದು ಗೂಡಿನ ಮುಂದೆ ಕೂತವರಿಗೆ ಕಾಣುವುದಿಲ್ಲ.

ಒಮ್ಮೆ ಹೂಮಳೆ ಬಿದ್ದು ರೊಬಸ್ಟಾ ಕಾಫಿ ಅರಳಿದ್ದಾಗ ಗೋಣಿಕೊಪ್ಪದ ಹತ್ತಿರ ಮಾವನ ತೋಟದಲ್ಲಿದ್ದೆ. "ಹೂವಿದ್ದರೆ ಜೇನು ಬರ್ತದೆ. ಅದರಲ್ಲಿ ಓದೋದು ಏನುಂಟು?" ಅಂದರು ಮಾವ. ನನಗೆ ಸಿಟ್ಟು ಬಂತು. ಓದುವುದು ಅವರ ಗಿಡದಲ್ಲೇ ಉಂಟು! ಕಾಫಿ ಹೂವಿನ ಮಕರಂದದಲ್ಲೂ ಕೆಫೀನ್ ಇರುತ್ತದೆ. 2013ರಲ್ಲಿ ಜೆರಾಲ್ಡಿನ್ ರೈಟ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಅದು ಹುಳದ ನೆನಪಿಗೆ ಏನು ಮಾಡುತ್ತದೆ ಎಂದು ಪರೀಕ್ಷಿಸಿದರು. ಹುಳವನ್ನು ಸಣ್ಣ ಕೊಳವೆಯಲ್ಲಿ ತಲೆ ಮಾತ್ರ ಹೊರಗಿರುವಂತೆ ಕೂರಿಸುತ್ತಾರೆ. ಒಂದು ವಾಸನೆ ಕೊಟ್ಟು, ಹಿಂದೆಯೇ ಮೀಸೆಗೆ ಸಕ್ಕರೆ ನೀರು ಮುಟ್ಟಿಸುತ್ತಾರೆ. ಹುಳ ನಾಲಿಗೆ ಚಾಚುತ್ತದೆ. ಮರುದಿನ ಬರೀ ವಾಸನೆಗೇ ಚಾಚಿದರೆ ಅದಕ್ಕೆ ನೆನಪಿದೆ ಎಂದರ್ಥ. ಸಕ್ಕರೆಯಲ್ಲಿ ಕೆಫೀನ್ ಇದ್ದಾಗ, ಮರುದಿನ ನೆನಪಿಟ್ಟುಕೊಂಡ ಹುಳಗಳು ಮೂರು ಪಟ್ಟು ಜಾಸ್ತಿ. ಆಮೇಲೆ ಅವರು ಮಿದುಳಿನಲ್ಲಿ ವಾಸನೆಯ ಕಲಿಕೆಗೆ ಬೇಕಾದ ಭಾಗಕ್ಕೆ ಹೋದರು. ಅದನ್ನು ಅಣಬೆ ಕಾಯ ಅನ್ನುತ್ತಾರೆ. ಅಲ್ಲಿನ ನರಕೋಶಗಳ ವಿದ್ಯುತ್ತನ್ನು ಅಳೆದಾಗ, ಕೆಫೀನ್ ಅವುಗಳ ಸ್ಪಂದನೆಯನ್ನು ಹೆಚ್ಚಿಸಿದ್ದು ಕಂಡಿತು.

ಇಲ್ಲಿ ಯಾರಾದರೂ ನನ್ನನ್ನು ತಡೆದು ಕೇಳಬೇಕು: "ನೆನಪಿನ ಹೊತ್ತಿಗೆ ಕೋಶ ಚುರುಕಾಯಿತು, ಸರಿ. ಕೆಲಸ ಮಾಡಿದ್ದು ಅದೇ ಅಂತ ಹೇಗೆ ಹೇಳ್ತೀಯಾ?" ಈ ಪ್ರಶ್ನೆ ಒಬ್ಬರೂ ಕೇಳಿಲ್ಲ. ನನ್ನ ಕಸುಬೆಲ್ಲ ಇರುವುದು ಇದರಲ್ಲೇ.

ಅಳೆದರೆ ಎರಡೂ ಒಟ್ಟಿಗೆ ನಡೆದವು ಎಂದಷ್ಟೇ ಗೊತ್ತಾಗುತ್ತದೆ. ಮುಂದಕ್ಕೆ ಕೈ ಹಾಕಲೇಬೇಕು. 1993ರಲ್ಲಿ ಮಾರ್ಟಿನ್ ಹ್ಯಾಮರ್ ಒಂದೇ ಒಂದು ನರಕೋಶಕ್ಕೆ ಕೈ ಹಾಕಿದರು. ಸಕ್ಕರೆ ಸಿಕ್ಕಾಗ ಮಿಡಿಯುವ ಕೋಶ ಅದು. ವಾಸನೆ ಕೊಟ್ಟರು, ಸಕ್ಕರೆ ಕೊಡಲಿಲ್ಲ. ಬದಲಿಗೆ ಗಾಜಿನ ಸೂಜಿಯಿಂದ ಆ ಕೋಶಕ್ಕೆ ವಿದ್ಯುತ್ ಹರಿಸಿದರು. ಒಂದು ಹನಿ ಸಕ್ಕರೆಯೂ ಇಲ್ಲದೆ ಹುಳ ವಾಸನೆಯನ್ನು ಕಲಿಯಿತು! ಎಷ್ಟು ಸಲ ಓದಿದರೂ ನನಗೆ ರೋಮಾಂಚನವಾಗುತ್ತದೆ.

ಆದರೂ ಇದು ಆ ಕೋಶ ಸಾಕು ಎಂದು ತೋರಿಸಿತು, ಬೇಕೇ ಬೇಕು ಎಂದಲ್ಲ. ಮಿದುಳಿನ ಒಂದು ಭಾಗ ಬೇಕೇ ಬೇಕು ಎಂದು ತೋರಿಸಲು ಅದನ್ನು ಸುಮ್ಮನಾಗಿಸಿ ನೋಡಬೇಕು. ಅಣಬೆ ಕಾಯವನ್ನು ಕಲಿಕೆಯಾದ ಕೆಲವೇ ನಿಮಿಷಗಳೊಳಗೆ ತಣ್ಣಗೆ ಮಾಡಿದರೆ ಹುಳ ಕಲಿತದ್ದನ್ನು ಮರೆಯುತ್ತದೆ. ತಡಮಾಡಿ ತಣಿಸಿದರೆ ನೆನಪು ಹಾಗೇ ಉಳಿಯುತ್ತದೆ. ಆ ಕೆಲವು ನಿಮಿಷಗಳಲ್ಲಿ ಒಳಗೆ ಏನಾಗುತ್ತದೆ ಎಂದು ಕೇಳಿ. ನಾಲ್ಕು ಕಪ್ ಕಾಫಿ ಮುಗಿಯುವವರೆಗೂ ಹೇಳುತ್ತೇನೆ.