ಹೊಗೆಗೂಡು ಮತ್ತು ಹೆಪ್ಪು

ಅಡಿಲೇಡಿಂದ ಒಂದು ಗಂಟೆ ಡ್ರೈವ್ ಮಾಡಿದ್ರೆ ಬರೊಸ್ಸಾ ಕಣಿವೆ ಸಿಗುತ್ತೆ, ಎಲ್ರೂ ವೈನಿಗೆ ಅಂತ ಹೋಗ್ತಾರೆ, ನಾನು ಹೋಗೋದು ಅಲ್ಲಿರೋ ಹಳೇ ಮಾಂಸದಂಗಡಿಗೆ. ಈಗಿನ ಯಜಮಾನ್ರ ಮುತ್ತಾತ ಶುರು ಮಾಡಿದ್ದು, ಈಗ ನಾಲ್ಕನೇ ತಲೆಮಾರು ನಡೆಸ್ತಿದೆ. ಮುಂದುಗಡೆ ಹಸಿ ಮಾಂಸ, ಹಿಂದುಗಡೆ ಮಾಂಸಕ್ಕೆ ಹೊಗೆ ಹಾಕೋ ಹೊಗೆಗೂಡು. ಹ್ಯಾಮ್, ಬೇಕನ್, ಸಲಾಮಿ ಎಲ್ಲಾ ಸೇರಿ ಇಲ್ಲಿಯವರ ಬಾಯಲ್ಲಿ ಸ್ಮಾಲ್‌ಗೂಡ್ಸ್.

ರಾಜ ಹೇಳಿದ ಪೂಜಾಪದ್ಧತಿ ಒಪ್ಪದೆ ಜರ್ಮನ್ನರ ಪ್ರಷ್ಯಾ ರಾಜ್ಯ ಬಿಟ್ಟ ಲೂಥರನ್ ಕ್ರೈಸ್ತರು 1838ರಲ್ಲಿ ಸೌತ್ ಆಸ್ಟ್ರೇಲಿಯಾಗೆ ಬಂದಿಳಿದ್ರು, 1842ರಲ್ಲಿ ಬರೊಸ್ಸಾದಲ್ಲಿ ಬೆಥನಿ ಅನ್ನೋ ಊರು ಕಟ್ಕೊಂಡ್ರು. ಫ್ರಿಜ್ ಎಲ್ಲಿತ್ತು ಆಗ? ಚಳಿ ಬಿದ್ದಮೇಲೆ ಹಂದಿ ಕಡಿದು, ಉಪ್ಪು ಹಚ್ಚಿ, ಕೊಚ್ಚಿದ್ದನ್ನ ಕರುಳಿಗೆ ತುಂಬಿ ಹೊಗೆಗೆ ಕಟ್ಟೋರು. ಆ ಮನೆಗೆಲಸವೇ ಆಮೇಲೆ ಅಂಗಡಿ ಆಗಿದ್ದು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಸರ್ಕಾರ ಕಾನೂನು ತಂದು ಜರ್ಮನ್ ಊರುಗಳ ಹೆಸರನ್ನೇ ಅಳಿಸಿಹಾಕ್ತು. ಆದ್ರೆ ಸಿಡ್ನಿಯಲ್ಲಿ ಡೆವನ್, ಪರ್ತಲ್ಲಿ ಪೊಲೋನಿ ಅನ್ನೋ ದಪ್ಪ ಸಾಸೇಜು ಇಲ್ಲಿ ಇವತ್ತಿಗೂ ಫ್ರಿಟ್ಜ್. ಅಂಗಡಿಗೆ ಬಂದ ಮಗೂಗೆ ಒಂದು ಸ್ಲೈಸ್ ಕೈಗಿಟ್ಟೇ ಕಳಿಸೋದು.

ಯಜಮಾನ್ರು ದನಿ ತಗ್ಗಿಸಿ ಮಾತಾಡೋದು 1995ರ ಬಗ್ಗೆ ಮಾತ್ರ. ಬೇಯಿಸದೆ ಹುಳಿ ಬರಿಸೋ ಮೆಟ್‌ವುರ್ಸ್ಟ್ ಅನ್ನೋ ಸಾಸೇಜು ತಿಂದು ಇ ಕೋಲಿ ಬ್ಯಾಕ್ಟೀರಿಯಾ ತಗುಲಿ 20ಕ್ಕೂ ಹೆಚ್ಚು ಮಕ್ಕಳ ಕಿಡ್ನಿಗೆ ಪೆಟ್ಟು ಬಿತ್ತು, ನಾಲ್ಕು ವರ್ಷದ ಹುಡುಗಿಯೊಬ್ಬಳು ತೀರ್ಕೊಂಡ್ಳು. ಅದು ಇವರ ಮಾಲಲ್ಲ, ಆದ್ರೂ ಇವರ ಮೆಟ್‌ವುರ್ಸ್ಟೂ ಯಾರೂ ಮುಟ್ಟಲಿಲ್ಲ, ಕೊಳ್ಳದೋರ ಮೇಲೆ ಅವರಿಗೆ ಸಿಟ್ಟೂ ಇಲ್ಲ, ಮಕ್ಕಳಿರೋ ಮನೆ ಅಲ್ವಾ ಅಂತಾರೆ.

ನನಗೆ ವಿಷಯ ಅರ್ಥ ಆಗಿದ್ದು ಮೊಸರಿನ ಲೆಕ್ಕದಲ್ಲಿ. ಮಾಂಸಕ್ಕೂ ಹೆಪ್ಪು ಬೇಕು, ಒಳ್ಳೆ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬೇಗ ಹುಳಿ ಮಾಡಿದ್ರೆ ಕೆಟ್ಟದ್ದಕ್ಕೆ ಬೆಳೆಯೋಕೆ ಜಾಗ ಇರಲ್ಲ. ನಿನ್ನೆ ಮಾಡಿದ್ರಲ್ಲೇ ಒಂದಿಷ್ಟು ಉಳಿಸಿ ಇವತ್ತಿನ ಹೆಪ್ಪಿಗೆ ಹಾಕೋದಿದ್ಯಲ್ಲ, ಅದರಲ್ಲೇ ಅಪಾಯ, ಒಂದು ಸಲ ಕೆಟ್ಟದ್ದು ಸೇರಿದ್ರೆ ಎಲ್ಲಾದಕ್ಕೂ ಹಬ್ಬುತ್ತೆ. ಈಗ ಲ್ಯಾಬಿಂದ ಬಂದ ಹೆಪ್ಪೇ, ಅಂದ್ರೆ ಸ್ಟಾರ್ಟರ್ ಕಲ್ಚರೇ ಹಾಕ್ಬೇಕು, ಪಿಎಚ್, ಅಂದ್ರೆ ಹುಳಿ ಎಷ್ಟಿದೆ ಅಂತ ಅಳೆದು ಬರೆದಿಡಬೇಕು. ಹಳೇ ಕೈರುಚಿ ಹೋಯ್ತು ಅಂತ ಕೊರಗೋರಿದ್ದಾರೆ, ನಾನು ಒಪ್ಪಲ್ಲ. ಮಸಾಲೆ, ಹೊಗೆ, ತೂಗುಹಾಕೋ ದಿನ ಎಲ್ಲಾ ಇನ್ನೂ ಇವರ ಕೈಯಲ್ಲೇ ಇದೆ.

ಹೋದ್ಸಲ ಹೋದಾಗ ಕೌಂಟರ್ ಹಿಂದೆ ಅವರಜ್ಜನ ಮಸಾಲೆ ಪುಸ್ತಕ ತೋರಿಸಿದ್ರು, ಹಾಳೆ ಪೂರ್ತಿ ಕೊಬ್ಬಿನ ಕಲೆ, ಜರ್ಮನ್ ಅಕ್ಷರ. ಪಕ್ಕದಲ್ಲೇ ಮಗಳ ಪಿಎಚ್ ರಿಜಿಸ್ಟರ್. ಮಗಳು ಮೀಟರ್ ನೋಡಿ ನಂಬರ್ ಬರೆದ್ಲು, ಯಜಮಾನ್ರು ಅದೇ ಸಾಸೇಜನ್ನ ಹೆಬ್ಬೆರಳಲ್ಲಿ ಒಂದ್ಸಲ ಒತ್ತಿ ನೋಡಿ, ಇನ್ನೆರಡು ದಿನ ಇರ್ಲಿ ಅಂತ ಮತ್ತೆ ಕೊಕ್ಕೆಗೆ ಹಾಕಿದ್ರು.